ಡೈಕ್ರೋಯಿಕ್ ಡೈ ಸೆಲ್‌ನಲ್ಲಿ ಸೂಜಿಗಳು: ಸರಿಯಾದದ್ದು ಹೀಗೆ

ಡೈಕ್ರೋಯಿಕ್ ಡೈ ಅಣು ಉದ್ದಕ್ಕಿರುತ್ತದೆ. ಬೆಳಕಿನ ಕಂಪನ ಅದರ ಉದ್ದಕ್ಕೇ ಇದ್ದರೆ ಜಾಸ್ತಿ ಹೀರುತ್ತದೆ, ಅಡ್ಡ ಇದ್ದರೆ ಕಡಿಮೆ. ಸೆಲ್ ಅಂದರೆ ಎರಡು ಗಾಜಿನ ನಡುವೆ ತುಂಬಿದ ಲಿಕ್ವಿಡ್ ಕ್ರಿಸ್ಟಲ್, ಅದರಲ್ಲಿ ಬೆರೆತ ಡೈ. ವೋಲ್ಟೇಜ್ ಕೊಟ್ಟಾಗ ಲಿಕ್ವಿಡ್ ಕ್ರಿಸ್ಟಲ್ ಅಣುಗಳು ಎದ್ದು ನಿಂತು ಡೈಯನ್ನೂ ಎಬ್ಬಿಸುತ್ತವೆ, ಬಣ್ಣ ತಿಳಿಯಾಗುತ್ತದೆ. 1968ರಲ್ಲಿ ಹೈಲ್ಮೈಯರ್ ಮತ್ತು ಝನೋನಿ ತೋರಿಸಿದ ಗೆಸ್ಟ್-ಹೋಸ್ಟ್ (ಡೈ ಅತಿಥಿ, ಲಿಕ್ವಿಡ್ ಕ್ರಿಸ್ಟಲ್ ಆತಿಥೇಯ) ವಿಧಾನ ಇದೇ.

ಇ7 ಎಂಬ ಲಿಕ್ವಿಡ್ ಕ್ರಿಸ್ಟಲ್ ಮಿಶ್ರಣಕ್ಕೆ ಅಜೋ ಎಂಬ ಬಗೆಯ ಡೈ ಬೆರೆಸಿದ್ದ ನನ್ನ ಸೆಲ್ ಮೊದಮೊದಲು ಚೆನ್ನಾಗೇ ಇತ್ತು. ಆಮೇಲೆ ಅಲ್ಲಲ್ಲಿ ಕಪ್ಪು ಚುಕ್ಕೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಸಣ್ಣ ಸೂಜಿಗಳು, ಸುತ್ತಲಿನ ಬಣ್ಣ ಮಾತ್ರ ಪೇಲವ. ಧೂಳೋ ಡೈಯೋ? ಹಾಟ್ ಸ್ಟೇಜ್ (ಮೈಕ್ರೋಸ್ಕೋಪಿನ ಕೆಳಗೇ ಬಿಸಿ ಮಾಡುವ ತಟ್ಟೆ) ಮೇಲಿಟ್ಟೆ. ಇ7ನ ನೆಮ್ಯಾಟಿಕ್ ಸ್ಥಿತಿ, ಅಂದರೆ ಅಣುಗಳು ಹರಿಯುತ್ತಲೇ ಒಂದೇ ದಿಕ್ಕಿಗೆ ಸಾಲಾಗಿರುವ ಸ್ಥಿತಿ, ಸುಮಾರು 60 ಡಿಗ್ರಿಗೆ ಹೋಗುತ್ತದೆ. ಅದನ್ನು ದಾಟಿಸಿದಾಗ ಸೂಜಿಗಳು ಕರಗಿದವು, ತಣ್ಣಗಾದ ಮೇಲೆ ಮತ್ತೆ ಬಂದವು. ಧೂಳು ಹೀಗೆ ಕರಗಲ್ಲ ಅಲ್ವಾ? ಕರಗುವ ಮಿತಿಗಿಂತ ಡೈ ಜಾಸ್ತಿಯಾಗಿತ್ತು.

ಸುಮ್ನೆ ಡೈ ಕಡಿಮೆ ಮಾಡಿದರೆ ಸೆಲ್ ಮಂಕು. ಅದಕ್ಕೇ ಅದನ್ನು ಅರ್ಧಕ್ಕಿಳಿಸಿ, ಹತ್ತಿರದ ಬಣ್ಣದ ಇನ್ನೊಂದು ಡೈ ಸೇರಿಸಿದೆ. ಒಂದೊಂದು ಡೈಗೂ ಕರಗುವ ಮಿತಿ ಬೇರೆ ಬೇರೆ, ಹಾಗಾಗಿ ಒಟ್ಟು ಬಣ್ಣ ಗಾಢವಾಗಿಯೇ ಉಳಿಯಿತು. ಮಿಶ್ರಣವನ್ನು ಬಿಸಿಯಲ್ಲೇ ಚೆನ್ನಾಗಿ ಕಲಕಿ, ಸೋಸಿ, ಬಿಸಿಯಿದ್ದಾಗಲೇ ಸೆಲ್‌ಗೆ ತುಂಬಿ, ನಿಧಾನವಾಗಿ ಆರಿಸಿದೆ. ಫ್ರಿಜ್‌ನಲ್ಲಿಟ್ಟು ತೆಗೆದರೂ ಸೂಜಿ ಬರಲಿಲ್ಲ.

ಪೋಲರೈಸರ್ (ಒಂದೇ ದಿಕ್ಕಿನ ಕಂಪನದ ಬೆಳಕನ್ನು ಬಿಡುವ ಫಿಲ್ಟರ್) ತಿರುಗಿಸಿ ಉದ್ದ, ಅಡ್ಡ ಎರಡೂ ದಿಕ್ಕಿನ ಹೀರಿಕೆ ಅಳೆಯಿರಿ. ಉದ್ದದ್ದು ಅಡ್ಡದ್ದರ 10 ಪಟ್ಟು ಬಂದರೆ ಆರ್ಡರ್ ಪ್ಯಾರಾಮೀಟರ್ (ಡೈ ಅಣುಗಳು ಎಷ್ಟು ಸಾಲಾಗಿವೆ ಎಂಬ ಅಳತೆ, ಪೂರ್ತಿ ಸಾಲಾಗಿದ್ದರೆ 1) 0.75, ಅಂದರೆ ಚೆನ್ನಾಗಿದೆ. ಬಿಸಿಲಿಗಿಡುವ ಸೆಲ್ ಆದರೆ ನಾನು ಆಂಥ್ರಾಕ್ವಿನೋನ್ ಎಂಬ ಬಗೆಯ ಡೈ ಆರಿಸುತ್ತೇನೆ, ಸಾಮಾನ್ಯವಾಗಿ ಅಜೋಗಿಂತ ಬೆಳಕಿಗೆ ಹೆಚ್ಚು ಬಾಳುತ್ತದೆ.