ಫ್ಲೈವೀಲ್ ಹತ್ತಿರ ಎಣ್ಣೆ ತೊಟ್ಟಿಕ್ಕುತ್ತಿದೆಯೇ? ಗೇರ್‌ಬಾಕ್ಸ್ ಇಳಿಸುವ ಮೊದಲು ಇಷ್ಟು ನೋಡಿ

ಕಳೆದ ಮಳೆಗಾಲದಲ್ಲಿ ನನ್ನ ಹಳೆಯ ಎರಡು ಸೀಟಿನ ಕಾರಿನ ಕೆಳಗೆ, ಎಂಜಿನ್ನೂ ಗೇರ್‌ಬಾಕ್ಸೂ ಸೇರುವ ಕಡೆ, ಎಣ್ಣೆ ಬೊಟ್ಟು ಕಾಣಿಸಿತು. ಪುಣೆಯ ಒಂದು ಗ್ಯಾರೇಜಿನವರು ಬಗ್ಗಿ ನೋಡಿ 'ಫ್ಲೈವೀಲ್ ಲೀಕ್, ಗೇರ್‌ಬಾಕ್ಸ್ ಇಳಿಸಬೇಕು' ಅಂದುಬಿಟ್ಟರು. ಭೋಸರಿಯಲ್ಲಿ ನಮ್ಮ ವಿಜಯಪುರ ಕಡೆಯ ಮೆಕ್ಯಾನಿಕ್ ಒಬ್ಬರಿದ್ದಾರೆ. ಅವರಿಗೆ ಹೇಳಿದರೆ ನಕ್ಕರು. 'ಫ್ಲೈವೀಲ್ ಎಲ್ಲಿ ಸೋರತೈತ್ರಿ ಸರ? ಅದೊಂದು ಕಬ್ಬಿಣದ ಗಾಲಿ. ಎಣ್ಣಿ ಯಾವುದು, ಎಲ್ಲಿಂದ ಬರಾಕತ್ತೈತಿ, ಮೊದಲ ಅದನ್ನ ನೋಡೂಣು.'

ಮಾತು ನಿಜ. ಫ್ಲೈವೀಲ್ ಅಂದರೆ ಕ್ರ್ಯಾಂಕಿನ (ಎಂಜಿನ್ನಿನ ತಿರುಗುವ ಮುಖ್ಯ ದಂಡದ) ತುದಿಗೆ ಬೋಲ್ಟ್ ಹಾಕಿ ಕೂರಿಸಿದ ಭಾರದ ಚಕ್ರ. ಕ್ಲಚ್ ಪ್ಲೇಟ್ ಒತ್ತಿ ಹಿಡಿಯುವುದು ಅದರ ಮೈಯನ್ನೇ. ಎರಡೂ ಒಣಗಿರಬೇಕು. ಆದರೆ ಅದರ ಒಂದು ಬದಿಗೆ ಎಂಜಿನ್ ಆಯಿಲ್ ಇದೆ, ಇನ್ನೊಂದು ಬದಿಗೆ ಗೇರ್ ಆಯಿಲ್ ಇದೆ. ಕೆಲವು ಕಾರುಗಳಲ್ಲಿ, ಪೆಡಲಿನ ಒತ್ತಡವನ್ನು ಫ್ಲೂಯಿಡ್ ಮೂಲಕ ಕ್ಲಚ್ಚಿಗೆ ತಲುಪಿಸುವ ಸಿಲಿಂಡರೂ ಬೆಲ್ ಹೌಸಿಂಗ್ (ಫ್ಲೈವೀಲನ್ನೂ ಕ್ಲಚ್ಚನ್ನೂ ಮುಚ್ಚುವ ಗಂಟೆಯಾಕಾರದ ಚಿಪ್ಪು) ಒಳಗೇ ಕೂತಿರುತ್ತದೆ. ಯಾವುದು ಸೋರಿದರೂ ತೊಟ್ಟಿಕ್ಕುವುದು ತಳದ ಅದೇ ಜಾಗದಿಂದ.

ಮೊದಲ ಕೆಲಸಕ್ಕೆ ಖರ್ಚಿಲ್ಲ. ಕಾರಿನ ಅಡಿಯಲ್ಲಿ ಪ್ಲಾಸ್ಟಿಕ್ ಕವರ್ ಇದ್ದರೆ ಬಿಚ್ಚಿ. ಎಣ್ಣೆ ಅದರ ಮೇಲೆ ಹರಿದು ಬೇರೆಲ್ಲೋ ಬೀಳುತ್ತದೆ, ಸುಮ್ನೆ ದಾರಿ ತಪ್ಪಿಸುತ್ತದೆ. ರಾತ್ರಿ ಒಂದು ದೊಡ್ಡ ರಟ್ಟು ಹಾಸಿ, ಮುಂದಿನ ಚಕ್ರ ಎಲ್ಲಿದೆ ಎಂದು ಅದರ ಮೇಲೆ ಗುರುತು ಹಾಕಿ. ಬೆಳಿಗ್ಗೆ ಬೊಟ್ಟನ್ನು ಮುಟ್ಟಿ, ಮೂಸಿ ನೋಡಿ. ಕಂದು ಅಥವಾ ಕಪ್ಪಗಿದ್ದು ಜಾರಿದರೆ ಎಂಜಿನ್ ಆಯಿಲ್. ಮಂದವಾಗಿದ್ದು ಗಂಧಕದ ಕೆಟ್ಟ ವಾಸನೆ ಬಂದರೆ ಗೇರ್ ಆಯಿಲ್. ನೀರಿನಷ್ಟು ತೆಳು, ತಿಳಿ ಹಳದಿ, ನೀರು ಹಾಕಿದರೆ ಕರಗಿಹೋಗುತ್ತದೆ ಅಂದರೆ ಕ್ಲಚ್ ಫ್ಲೂಯಿಡ್. ಇದು ಪೇಂಟ್ ತಿನ್ನುತ್ತದೆ, ಕೈ ತೊಳೆದುಕೊಳ್ಳಿ. ಬರೀ ನೀರಾದರೆ ಏಸಿಯದ್ದು, ಜೂನ್ ತಿಂಗಳ ಸೆಖೆಯಲ್ಲಿ ಅದು ಧಾರಾಳವಾಗಿ ಬೀಳುತ್ತದೆ.

ಕ್ಲಚ್ ಫ್ಲೂಯಿಡ್ ಅಂತ ಅನುಮಾನ ಬಂದರೆ ಗಾಡಿ ಓಡಿಸಬೇಡಿ. ಎಷ್ಟೋ ಕಾರುಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಫ್ಲೂಯಿಡ್ಡಿನ ಒಂದೇ ಡಬ್ಬಿ, ಅದು ಇಳಿದರೆ ಬ್ರೇಕೂ ಕೈಕೊಡಬಹುದು.

ಎಂಜಿನ್ ಆಯಿಲ್ ಆದರೆ ಕೆಳಗೆ ಮಲಗುವ ಮೊದಲು ಮೇಲೆ ನೋಡಿ. ಹೆಚ್ಚಿನವರು ಎಡವುವುದು ಇಲ್ಲಿಯೇ. ಟ್ಯಾಪೆಟ್ ಕವರಿನ (ಎಂಜಿನ್ನಿನ ನೆತ್ತಿಯ ಮುಚ್ಚಳದ) ಪ್ಯಾಕಿಂಗ್ ಹೋದರೆ ಎಣ್ಣೆ ಎಂಜಿನ್ನಿನ ಬೆನ್ನ ಮೇಲೆ ಇಳಿದು ಬೆಲ್ ಹೌಸಿಂಗ್ ಸೇರುತ್ತದೆ. ಆಯಿಲ್ ಪ್ರೆಷರ್ ಸ್ವಿಚ್ ಸೋರಿದರೂ ಇದೇ ಕಥೆ. ಅಲ್ಲೆಲ್ಲ ಬ್ರೇಕ್ ಕ್ಲೀನರ್ ಹೊಡೆದು ಒರೆಸಿ ಒಣಗಿಸಿ. ಎಂಜಿನ್ ತಣ್ಣಗಿರುವಾಗ ಮಾತ್ರ, ಅದು ಬೆಂಕಿ ಹತ್ತುವ ವಸ್ತು. ಆಮೇಲೆ ಟಾಲ್ಕಂ ಪೌಡರ್ ಉದುರಿಸಿ, ಹದಿನೈದು ಇಪ್ಪತ್ತು ಕಿಲೋಮೀಟರ್ ಓಡಿಸಿ ಬನ್ನಿ. ಬಿಳಿ ಪೌಡರಿನ ಮೇಲೆ ಒದ್ದೆ ಗೆರೆ ಎಲ್ಲಿ ಶುರುವಾಗಿದೆಯೋ ತೂತು ಅಲ್ಲಿದೆ. ನನ್ನ ಕಾರಿನಲ್ಲಿ ಗೆರೆ ಶುರುವಾದದ್ದು ಟ್ಯಾಪೆಟ್ ಕವರಿನ ಹಿಂದಿನ ಮೂಲೆಯಲ್ಲಿ. ಪ್ಯಾಕಿಂಗ್ ನಾನಾ ಪೇಟೆಯಲ್ಲಿ ಸಿಕ್ಕಿತು, ಅರ್ಧ ದಿನದ ಕೆಲಸ. ಗೇರ್‌ಬಾಕ್ಸ್ ಇದ್ದಲ್ಲೇ ಇದೆ.

ಮೇಲೆಲ್ಲ ಒಣಗಿದ್ದು ಕೆಳಗೆ ಮಾತ್ರ ತೊಟ್ಟಿಕ್ಕಿದರೆ ಕ್ರ್ಯಾಂಕಿನ ಹಿಂದಿನ ಸೀಲ್ (ಎಣ್ಣೆ ತಡೆಯುವ ಬಳೆ) ಮೇಲೆ ಅನುಮಾನ ಪಡಬಹುದು. ಆದರೂ ಒಂದು ಪರೀಕ್ಷೆ ಬಾಕಿ ಇದೆ. ಎಂಜಿನ್ ಐಡಲ್‌ನಲ್ಲಿರುವಾಗ ಆಯಿಲ್ ತುಂಬುವ ಮುಚ್ಚಳ ತೆಗೆದು, ಆ ಬಾಯಿಗೆ ರಬ್ಬರ್ ಗ್ಲೌಸ್ ಹಿಡಿಯಿರಿ. ಗ್ಲೌಸ್ ಸ್ವಲ್ಪ ಒಳಕ್ಕೆ ಎಳೆದುಕೊಂಡರೆ ಸರಿ. ಬಲೂನಿನಂತೆ ಉಬ್ಬಿದರೆ ಎಂಜಿನ್ನಿನ ಹೊಟ್ಟೆಯೊಳಗಿನ ಹೊಗೆ ಹೊರಹೋಗುವ ದಾರಿ (ಸೈಲೆನ್ಸರ್ ಅಲ್ಲ, ಬ್ರೀದರ್ ಪೈಪು) ಕಟ್ಟಿದೆ, ಅಥವಾ ಪಿಸ್ಟನ್ ರಿಂಗ್ ಸವೆದಿವೆ. ಆ ಒತ್ತಡವೇ ಎಣ್ಣೆಯನ್ನು ಸೀಲ್ ದಾಟಿಸುತ್ತದೆ. ಅದನ್ನು ಬಿಟ್ಟು ಹೊಸ ಸೀಲ್ ಹಾಕಿದರೆ ಅದೂ ಸೋರುತ್ತದೆ, ಅಲ್ವಾ?

ಇನ್ನು ಕ್ಲಚ್. ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ 40ರ ವೇಗದಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿ. ಎಂಜಿನ್ ಕೂಗಿ, ವೇಗ ಏರದಿದ್ದರೆ ಪ್ಲೇಟ್ ಜಾರುತ್ತಿದೆ. ಕಾತ್ರಜ್ ಘಾಟ್ ಹತ್ತುವವರಿಗೆ ಈ ಪರೀಕ್ಷೆಯೂ ಬೇಡ, ಸುಟ್ಟ ವಾಸನೆಯೇ ಹೇಳುತ್ತದೆ. ಬರೀ ತೇವವಿದ್ದು, ಆಯಿಲ್ ಮಟ್ಟ ಇಳಿಯದೆ, ಕ್ಲಚ್ಚೂ ಹಿಡಿಯುತ್ತಿದ್ದರೆ ನಾನಾದರೆ ಕಾಯುತ್ತೇನೆ. ಹೇಗೂ ಒಂದು ದಿನ ಕ್ಲಚ್ ಬದಲಿಸಬೇಕು, ಸೀಲನ್ನೂ ಆಗ ಹಾಕಿದರಾಯಿತು.

ಗೇರ್‌ಬಾಕ್ಸ್ ಇಳಿಸಲೇಬೇಕಾದರೆ, ಒರೆಸುವ ಮೊದಲೇ ಒಳಗಿನ ಫೋಟೊ ಕಳಿಸಲು ಹೇಳಿ. ಫ್ಲೈವೀಲ್ ಹಿಂದೆ, ಎಂಜಿನ್ ಬದಿ ಒದ್ದೆಯಿದ್ದರೆ ಕ್ರ್ಯಾಂಕ್ ಸೀಲ್, ಇಲ್ಲವೇ ಫ್ಲೈವೀಲ್ ಬೋಲ್ಟುಗಳ ಥ್ರೆಡ್. ಗೇರ್‌ಬಾಕ್ಸ್ ಶಾಫ್ಟ್ ಸುತ್ತ ಒದ್ದೆಯಿದ್ದರೆ ಅದರ ಸೀಲ್. ಬೆಲ್ ಹೌಸಿಂಗ್ ಗೋಡೆಯ ಸುತ್ತ ಕಪ್ಪು ಗ್ರೀಸ್ ಬಳೆಯಂತೆ ಸಿಡಿದಿದ್ದರೆ ಮಾತ್ರ ಭೋಸರಿ ಮೆಕ್ಯಾನಿಕ್ ಮಾತು ಸುಳ್ಳಾಗುತ್ತದೆ: ಡ್ಯುಯಲ್ ಮಾಸ್ (ಎರಡು ತುಂಡಿನ) ಫ್ಲೈವೀಲಿನ ಹೊಟ್ಟೆಯಲ್ಲಿ ಸ್ಪ್ರಿಂಗ್ ಮತ್ತು ಗ್ರೀಸ್ ಇರುತ್ತವೆ, ಅದು ನಿಜವಾಗಿಯೂ ಸೋರುತ್ತದೆ. ಹಾಗಾದರೆ ಇಡೀ ಫ್ಲೈವೀಲ್ ಬದಲಿಸಬೇಕು. ಎಣ್ಣೆ ಕುಡಿದ ಕ್ಲಚ್ ಪ್ಲೇಟನ್ನು ತೊಳೆದು ಹಾಕಲು ಮಾತ್ರ ಬಿಡಬೇಡಿ. ಬಿಸಿಯಾದಾಗ ಅದು ಮತ್ತೆ ಎಣ್ಣೆ ಬಿಡುತ್ತದೆ.