ಕೆಂಪು ಮಾತ್ರೆ ಹೊಟ್ಟೆಗಿಳಿದ ಬಗೆ

ಬಸುರಿನ ಐದನೇ ತಿಂಗಳಲ್ಲಿ 8.5 ಗ್ರಾಂ ಇರುವ ಎಚ್‌ಬಿಯನ್ನು, ಅಂದರೆ ರಕ್ತದ ಹಿಮೋಗ್ಲೋಬಿನ್ ಅನ್ನು, ಬರೀ ಮಾತ್ರೆಯಲ್ಲಿ ಮೇಲೆತ್ತೋಕಾಗಲ್ಲ, ನರಕ್ಕೆ ಕಬ್ಬಿಣಾಂಶದ ಡ್ರಿಪ್ಪೇ ಗತಿ ಅಂತ ಮೀಟಿಂಗಿನಲ್ಲಿ ಅಂದವರೇ ಜಾಸ್ತಿ. ಎತ್ತೋಕಾಯಿತು. ಆ ವರ್ಷ ನಮ್ಮ ಸಬ್ ಸೆಂಟರ್ (ಹಳ್ಳಿಯ ಆರೋಗ್ಯ ಉಪಕೇಂದ್ರ) ಪಟ್ಟಿಯಲ್ಲಿ 8ರಿಂದ 10ರ ನಡುವೆ ಇದ್ದ ಗರ್ಭಿಣಿಯರು ನಲವತ್ತರ ಹತ್ತಿರ. ಒಂಬತ್ತು ತಿಂಗಳು ತುಂಬುವ ಹೊತ್ತಿಗೆ ಮೂವತ್ತು ಚಿಲ್ಲರೆ ಮಂದಿ 11ರ ಆಸುಪಾಸಿಗೆ ಬಂದಿದ್ದರು. ರಿಜಿಸ್ಟರ್ ಎದುರಿಗಿಲ್ಲ, ನೆನಪಿನ ಲೆಕ್ಕ. ಹೊಸ ಔಷಧಿ ಏನೂ ಬಳಸಿಲ್ಲ. ಅದೇ ಸರ್ಕಾರಿ ಕೆಂಪು ಮಾತ್ರೆ, 60 ಮಿಲಿಗ್ರಾಂ ಕಬ್ಬಿಣಾಂಶ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್, ರಕ್ತಹೀನತೆ ಇರುವವರಿಗೆ ದಿನಕ್ಕೆ ಎರಡು. ಬದಲಾದದ್ದು ನುಂಗುವ ಹೊತ್ತು ಮತ್ತು ನಾವು ಕೇಳುವ ಪ್ರಶ್ನೆ.

ಮೊದಲು ಎಡವಿದ್ದು ಅಳತೆಯಲ್ಲೇ. ಒಂದು ತಿಂಗಳು ಬಣ್ಣ ಹೋಲಿಸಿ ನೋಡುವ ಹಳೆಯ ಸಾಹ್ಲಿ ಕೊಳವೆ, ಮುಂದಿನ ತಿಂಗಳು ಡಿಜಿಟಲ್ ಮೀಟರ್ ಅಂತ ನೋಡಿದರೆ ಏರಿದ್ದು ರಕ್ತವೋ ಯಂತ್ರವೋ ತಿಳಿಯುವುದಿಲ್ಲ. ತಣ್ಣಗಿರುವ ಬೆರಳನ್ನು ಹಿಂಡಿ ಹಿಂಡಿ ರಕ್ತ ತೆಗೆದರೆ ಅದರ ಜೊತೆ ಮೈನೀರೂ ಸೇರಿ ಎಚ್‌ಬಿ ಕಡಿಮೆ ತೋರಿಸುತ್ತದೆ. ಸ್ಪಿರಿಟ್ ಆರುವ ಮೊದಲೇ ಚುಚ್ಚಿದರೂ ಇದೇ ಕಥೆ. ಕೈಯನ್ನು ಬಿಸಿನೀರಲ್ಲಿ ತೊಳೆಸಿ, ಒರೆಸಿ, ಮೊದಲ ಹನಿ ಬಿಟ್ಟು, ತಾನಾಗಿ ಉಬ್ಬಿದ ಹನಿಯನ್ನೇ ತಗೊಂಡೆವು. ಮೀಟರಿಗೆ ಹಾಕುವ ಸ್ಟ್ರಿಪ್ ಡಬ್ಬಿಯ ಮುಚ್ಚಳ ಬಾಯಿ ತೆರೆದೇ ಉಳಿದು ಮಳೆಗಾಲದಲ್ಲಿ ಇಡೀ ಒಂದು ಡಬ್ಬಿ ಹಾಳಾಯಿತು. ಆ ವಾರ ಬರೆದ ಎಚ್‌ಬಿಯನ್ನೆಲ್ಲ ಹೊಡೆದು ಹಾಕಬೇಕಾಯಿತು.

ಆಮೇಲೆ ಮಾತ್ರೆ ನುಂಗುತ್ತಿದ್ದಾರೋ ಇಲ್ಲವೋ ಎನ್ನುವ ಪ್ರಶ್ನೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿದೆವು. ಮೂವತ್ತು ದಿನದ ಗುರುತೂ ಒಂದೇ ಪೆನ್ನಿನಲ್ಲಿ, ಒಂದೇ ಓರೆಯಲ್ಲಿ, ನಾವು ಹೋಗುವ ಹಿಂದಿನ ರಾತ್ರಿ ಬೀಳುತ್ತಿತ್ತು. ಮಾತ್ರೆಯ ಖಾಲಿ ಸ್ಟ್ರಿಪ್ ವಾಪಸ್ ಕೇಳಿದೆವು. ಸ್ಟ್ರಿಪ್ ಬಂತು, ಮಾತ್ರೆ ತಿಪ್ಪೆ ಸೇರಿತ್ತು. ಕೊನೆಗೆ ಕೆಲಸಕ್ಕೆ ಬಂದದ್ದು ಕಕ್ಕಸಿನ ಲೆಕ್ಕ. ಕಬ್ಬಿಣಾಂಶ ಒಳಗೆ ಹೋದರೆ ಸಾಮಾನ್ಯವಾಗಿ ಮಲ ಕಪ್ಪಾಗುತ್ತದೆ. ಆದರೆ "ಕಪ್ಪಗಾಗ್ತಿದೆಯಾ?" ಅಂದರೆ ಎಲ್ಲರೂ ಹೂಂ ಅಂತಾರೆ. "ಯಾವ ಬಣ್ಣ ಬರ್ತಿದೆ?" ಅಂತ ಕೇಳಬೇಕು. "ಎಂದಿನಂತೆ ಹಳದಿ" ಅಂದವರ ಮನೆಯಲ್ಲಿ ಇನ್ನೊಂದು ಅರ್ಧ ಗಂಟೆ ಕೂರಬೇಕು. ಮಲ ಕಪ್ಪಾದರೆ ಮಗುವೂ ಕಪ್ಪಾಗುತ್ತೆ ಅನ್ನುವ ಅತ್ತೆಯನ್ನು ಒಪ್ಪಿಸುವ ಮಾತು ಒಂದಿದೆ. ಅದನ್ನು ಇಲ್ಲಿ ಬರೆಯೋಲ್ಲ, ಅತ್ತೆಯರೂ ಓದುತ್ತಾರೆ.

ಹೊತ್ತಿನ ವಿಷಯಕ್ಕೆ ಬರೋಣ, ಅಸಲು ಕೆಲಸ ಇಲ್ಲಿರೋದು. ಬೆಳಿಗ್ಗೆ ಕಾಫಿ ಜೊತೆ ಕೆಂಪು ಮಾತ್ರೆ ನುಂಗಿದರೆ ಹೀರಿಕೊಳ್ಳುವುದು ತೀರಾ ಕಡಿಮೆ. ಕಾಫಿಗೂ ಮಾತ್ರೆಗೂ ಕನಿಷ್ಠ ಒಂದು ಗಂಟೆ ಅಂತರ ಬೇಕು. ಅದಕ್ಕಿಂತ ದೊಡ್ಡ ಎಡವಟ್ಟು ಕ್ಯಾಲ್ಸಿಯಂ ಮಾತ್ರೆಯದು. ಎರಡನ್ನೂ ಒಂದೇ ಪೊಟ್ಟಣದಲ್ಲಿ ಕೊಟ್ಟರೆ ಎರಡನ್ನೂ ಒಟ್ಟಿಗೇ ನುಂಗುತ್ತಾರೆ, ಕ್ಯಾಲ್ಸಿಯಂ ಕಬ್ಬಿಣಾಂಶವನ್ನು ಹಿಡಿದು ನಿಲ್ಲಿಸುತ್ತದೆ. ಪೊಟ್ಟಣ ಬೇರೆ ಮಾಡಿದೆವು. ಕ್ಯಾಲ್ಸಿಯಂ ಬೆಳಗಿನ ತಿಂಡಿ ಮತ್ತು ರಾತ್ರಿ ಊಟದ ಜೊತೆ, ಕೆಂಪು ಮಾತ್ರೆ ಒಂದು ಮಧ್ಯಾಹ್ನ ಊಟವಾದ ಮೇಲೆ, ಇನ್ನೊಂದು ರಾತ್ರಿ ಊಟವಾಗಿ ಎರಡು ಗಂಟೆಯ ನಂತರ, ಮಲಗುವ ಮುಂಚೆ ಅರ್ಧ ನಿಂಬೆಹಣ್ಣಿನ ನೀರಿನಲ್ಲಿ. ರಾತ್ರಿ ನುಂಗಿದರೆ ಹೊಟ್ಟೆ ತೊಳಸುವುದು ನಿದ್ದೆಯಲ್ಲೇ ಕಳೆದುಹೋಗುತ್ತದೆ. ತೀರಾ ವಾಂತಿ ಆಗುವವರಿಗೆ ಮೊದಲ ವಾರ ರಾತ್ರಿಯದ್ದು ಒಂದೇ, ಆಮೇಲೆ ಎರಡಕ್ಕೆ ಏರಿಸಿದೆವು. ಬಾಯಿಗೆ ಬರುವ ಕಬ್ಬಿಣದ ರುಚಿಗೆ ನಮ್ಮ ಆಶಾ ಅಕ್ಕ ಕೊಡುವ ಒಂದು ಚೂರು ಏನೋ ಇದೆ. ಅದು ಅವರ ಗುಟ್ಟು, ಕೇಳಿದರೂ ಹೇಳಲ್ಲ.

ಜಂತುಹುಳದ ಆಲ್ಬೆಂಡಜೋಲ್ 400 ಅನ್ನು ನಾಲ್ಕನೇ ತಿಂಗಳು ದಾಟುತ್ತಿದ್ದಂತೆ ಎದುರಿಗೇ ಜಗಿಸಿ ನುಂಗಿಸಿದ್ದು ಆಯಿತು. ಕೆಮ್ಮಣ್ಣು, ಸೀಮೆಸುಣ್ಣ ತಿನ್ನುವ ಚಟ ಇದ್ದವರನ್ನು ಗದರಿಸಿ ಪ್ರಯೋಜನವಿಲ್ಲ. ರಕ್ತ ಏರಿದಂತೆ ಹೆಚ್ಚಿನವರಲ್ಲಿ ಆಸೆ ತಾನಾಗೇ ಇಳಿಯಿತು.

ನಡುವೆ ಕಬ್ಬಿಣದ ಬಾಣಲೆಯ ಪ್ರಯೋಗವನ್ನೂ ಮಾಡಿದೆವು. 450 ರೂಪಾಯಿ ಲೆಕ್ಕದಲ್ಲಿ ಮೂರು ಬಾಣಲೆ ತಂದು ಮೂರು ಮನೆಗೆ ಕೊಟ್ಟೆವು. ಹುಣಸೆಹುಳಿ ಬಿದ್ದ ಬಸ್ಸಾರು ಕಬ್ಬಿಣ ಬಿಡುತ್ತದೆ, ಅದು ನಿಜ, ಆದರೆ ಸಾರು ಕಪ್ಪಾಗಿ ಯಾರೂ ಮುಟ್ಟಲಿಲ್ಲ. ಒಂದು ಬಾಣಲೆ ಈಗ ದನದ ಬೂಸಾ ಕಲಸುವುದಕ್ಕಿದೆ. ನುಗ್ಗೆಸೊಪ್ಪು, ಮೊಳಕೆ ಹುರುಳಿ ಒಳ್ಳೆಯದೇ, ಆದರೆ 8.5 ಇರುವವರನ್ನು ಸೊಪ್ಪಿನಿಂದಲೇ ಮೇಲೆತ್ತುತ್ತೇವೆ ಅನ್ನುವುದು ಬರೀ ಮಾತು. ಬೆಲ್ಲವಂತೂ ಹೆಸರಿಗೆ ಮಾತ್ರ. ನಿಂಬೆಹಣ್ಣು, ವಾರದ ಮಾತ್ರೆ ಡಬ್ಬಿ, ಬಾಣಲೆ, ಫೋನ್ ಎಲ್ಲ ಸೇರಿ ಕೈಯಿಂದ ಮೂರೂವರೆ ಸಾವಿರ ಹೋಗಿರಬಹುದು. ನಿಂಬೆಹಣ್ಣಿನ ಬಿಲ್ಲು ಮೇಲೆ ಹೋಗಿ ಹಾಗೇ ವಾಪಸ್ ಬಂತು.

ಒಂದು ಎಚ್ಚರಿಕೆ. ಆರು, ಏಳನೇ ತಿಂಗಳಲ್ಲಿ ಮಾತ್ರೆ ಸರಿಯಾಗಿ ನುಂಗುತ್ತಿದ್ದರೂ ಎಚ್‌ಬಿ ಏರದೆ ನಿಲ್ಲಬಹುದು, ಸ್ವಲ್ಪ ಇಳಿಯಲೂಬಹುದು. ರಕ್ತದ ನೀರಿನಂಶ ಕೆಂಪುಕಣಕ್ಕಿಂತ ವೇಗವಾಗಿ ಹೆಚ್ಚುವ ಕಾಲ ಅದು. "ಮಾತ್ರೆ ಕೆಲಸ ಮಾಡ್ತಿಲ್ಲ" ಅಂತ ಬಿಟ್ಟವರೆಲ್ಲ ಬಿಟ್ಟದ್ದು ಇಲ್ಲೇ. ಹಾಗಂತ ಕಾಯುತ್ತಲೂ ಕೂರಬಾರದು. ಮಲ ಕಪ್ಪಾಗುತ್ತಿದ್ದು, ತಿಂಗಳಲ್ಲಿ 1 ಗ್ರಾಂ ಏರಲಿಲ್ಲ ಅಂದರೆ ಡಾಕ್ಟರಿಗೆ ಕಳಿಸಬೇಕು. ಬಿ12 ಕೊರತೆಯೋ ಥಲಸೇಮಿಯಾ (ಹುಟ್ಟಿನಿಂದ ಬರುವ ರಕ್ತದೋಷ) ಅಂಶವೋ ಇರಬಹುದು. ನಮ್ಮಲ್ಲಿ ಆರೇಳು ಜನ ಹೀಗೇ ಹೋಗಿ ಐರನ್ ಸುಕ್ರೋಸ್ ಡ್ರಿಪ್ ಹಾಕಿಸಿಕೊಂಡರು. 7ಕ್ಕಿಂತ ಕೆಳಗಿದ್ದವರ ಮೇಲೆ ಈ ನಿಂಬೆನೀರಿನ ಆಟ ಆಡಲೇಬಾರದು, ಅದೇ ದಿನ ದೊಡ್ಡಾಸ್ಪತ್ರೆಗೆ.

ಇಷ್ಟೆಲ್ಲ ಮಾಡಿದ್ದು ಸೀಮಂತ ಮುಗಿದು ತವರಿಗೆ ಹೊರಟರೆ ನೀರು ಪಾಲು. ಅದಕ್ಕೇ ಮಡಿಲು ತುಂಬುವ ದಿನವೇ ಎರಡು ತಿಂಗಳಿನ 120 ಮಾತ್ರೆ, ತಾಯಿ ಕಾರ್ಡ್, ಆ ಊರಿನ ಸಿಸ್ಟರ್ ನಂಬರ್ ಕೈಗೆ ಕೊಟ್ಟು, ನಾವೇ ಅವರಿಗೆ ಫೋನ್ ಮಾಡಿದೆವು. ರಕ್ತ ಕೊಡಲು ಒಪ್ಪಿದ ಇಬ್ಬರ ಹೆಸರು, 108 ತಡವಾದರೆ ಬರುವ ಆಟೋದವನ ನಂಬರನ್ನು ತಾಯಿ ಕಾರ್ಡಿನ ಹಿಂದೆ ದಪ್ಪಗೆ ಬರೆದೆವು. ತಲೆನೋವು, ಕಣ್ಣು ಮಂಜು, ನೀರು ಒಡೆಯುವುದು, ರಕ್ತ ಕಾಣುವುದು, ಮಗು ಮಿಸುಕಾಟ ಕಡಿಮೆ ಆಗುವುದು, ಇವುಗಳಲ್ಲಿ ಯಾವುದಾದರೂ ಬಂದರೆ ಬೆಳಗಾಗಲಿ ಅಂತ ಕಾಯೋದಿಲ್ಲ ಅಂತ ಹೇಳಿದ್ದು ಬಸುರಿಗಲ್ಲ, ಅವಳ ಅಮ್ಮನಿಗೆ.

ನಾವಿನ್ನೂ ಗೆಲ್ಲದಿರುವುದು ಬಾಣಂತನ. ಹೆರಿಗೆಯಾದ ಮೇಲೂ 180 ದಿನ ದಿನಕ್ಕೊಂದು ಮಾತ್ರೆ ಬೇಕು. ಆದರೆ ಪಥ್ಯದ ಹೆಸರಲ್ಲಿ ನೀರು, ಸೊಪ್ಪು ಬಂದ್ ಆಗುತ್ತದೆ, ಮಲಬದ್ಧತೆ ಹಿಡಿಯುತ್ತದೆ, ಬೈಗುಳ ಮಾತ್ರೆಗೆ ಬೀಳುತ್ತದೆ. ಸದ್ಯಕ್ಕೆ ಜೀರಿಗೆ ಕುದಿಸಿದ ನೀರು ಅಂತ ಹೇಳಿ ದಿನಕ್ಕೆ ಎರಡು ಲೀಟರ್ ಕುಡಿಸುತ್ತಿದ್ದೇವೆ. ಬರೀ ನೀರಿಗೆ ಬೇಡ ಅನ್ನುವ ಅಜ್ಜಿಯರೂ ಜೀರಿಗೆ ನೀರಿಗೆ ಅಡ್ಡ ಬಂದಿಲ್ಲ.