ಹಳೇ ಬಯೋಸ್ ಒಪ್ಪುವಂತೆ ಪೆನ್‌ಡ್ರೈವ್ ಬರೆಯುವುದು: ನನ್ನ ಅನುಭವ

ಲಿನಕ್ಸ್ ಹಾಕಲು ಹೊರಟಾಗ ಕೋರ್ 2 ಡ್ಯುಯೊ ಕಾಲದ ಕಂಪ್ಯೂಟರ್ ಪೆನ್‌ಡ್ರೈವ್‌ನಿಂದ ಬೂಟ್ ಆಗದಿದ್ದರೆ ನಾನು ಮೊದಲು ನೋಡುವುದು ಪಾರ್ಟಿಷನ್ ಸ್ಕೀಮ್, ಅಂದರೆ ಡ್ರೈವನ್ನು ಭಾಗ ಮಾಡಿದ ಬಗೆ. ಹೊಸ ಕಂಪ್ಯೂಟರ್‌ಗಳಿಗೆಂದು ಇರುವ ಜಿಪಿಟಿ, ಯುಇಎಫ್‌ಐ ಆರಿಸಿ ಬರೆದ ಡ್ರೈವ್ ಹಳೇ ಬಯೋಸ್‌ಗೆ (ಆನ್ ಮಾಡಿದ ಕೂಡಲೇ ಓಡುವ, ಬೋರ್ಡ್‌ನಲ್ಲೇ ಇರುವ ತಂತ್ರಾಂಶ) ಅರ್ಥವಾಗುವುದಿಲ್ಲ. ಅದು ಓದುವುದು ಮೊದಲ 512 ಬೈಟ್‌ಗಳನ್ನಷ್ಟೇ. ಅಲ್ಲಿ ಬೂಟ್ ಕೋಡ್ ಇಲ್ಲದಿದ್ದರೆ ಕಪ್ಪು ಪರದೆ, ಎಡಮೂಲೆಯಲ್ಲಿ ಮಿಣುಕುವ ಸಣ್ಣ ಅಡ್ಡಗೆರೆ.

ಐಎಸ್‌ಒ (ಇನ್‌ಸ್ಟಾಲ್ ಡಿಸ್ಕ್‌ನ ಪೂರ್ತಿ ಪ್ರತಿ ಇರುವ ಫೈಲ್) ಇಳಿಸುವ ಮುಂಚೆ ಪ್ರೊಸೆಸರ್ ಯಾವುದೆಂದು ನೋಡಿಕೊಳ್ಳಿ. ಕೋರ್ 2 ಡ್ಯುಯೊಗೆ 64-ಬಿಟ್ ನಡೆಯುತ್ತದೆ. ಪುಟ್ಟ ನೆಟ್‌ಬುಕ್‌ಗಳ ಆಟಮ್ ಎನ್270ಗೆ 32-ಬಿಟ್ ಮಾತ್ರ. ಅದಕ್ಕೆ ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್ 12 ಹಾಕುತ್ತೇನೆ, 13ರಲ್ಲಿ 32-ಬಿಟ್ ಇನ್‌ಸ್ಟಾಲರ್ ಇಲ್ಲ. ಇಳಿಸಿದ ಮೇಲೆ ಎಸ್‌ಎಚ್‌ಎ-256 (ಫೈಲ್ ಸರಿಯಿದೆಯೇ ಎಂದು ತಿಳಿಸುವ ಸಂಕೇತ) ತಾಳೆ ನೋಡುವುದನ್ನು ಎಂದೂ ಬಿಡುವುದಿಲ್ಲ. ಅರ್ಧಂಬರ್ಧ ಇಳಿದ ಫೈಲ್ ಇನ್‌ಸ್ಟಾಲ್ ನಡುವೆ ಕೈಕೊಟ್ಟರೆ ಎಲ್ಲರೂ ರ‍್ಯಾಮ್ ಮೇಲೆ ಅನುಮಾನಪಡುತ್ತಾರೆ.

8 ಜಿಬಿ ಪೆನ್‌ಡ್ರೈವ್ ಸಾಕು. ಬರೆದರೆ ಅದರಲ್ಲಿದ್ದದ್ದೆಲ್ಲ ಅಳಿಯುತ್ತದೆ, ಮೊದಲೇ ಬೇರೆಡೆ ಇಟ್ಟುಕೊಳ್ಳಿ. ಪೆನ್‌ಡ್ರೈವ್‌ಗೆ ಐಎಸ್‌ಒ ಬರೆಯುವ ತಂತ್ರಾಂಶ ರೂಫಸ್‌ನಲ್ಲಿ ಪಾರ್ಟಿಷನ್ ಸ್ಕೀಮ್ ಎಂಬಿಆರ್ (ಹಳೇ ಬಯೋಸ್ ಓದಬಲ್ಲ ಬಗೆ) ಇರಲಿ. ಬರೆಯುವ ಕಂಪ್ಯೂಟರಿನಲ್ಲಿ ವಿಂಡೋಸ್ 7 ಇದ್ದರೆ ರೂಫಸ್ 3.22 ಬೇಕು, 4ರ ಸರಣಿ ಅದರಲ್ಲಿ ಓಡುವುದಿಲ್ಲ. ಡೆಬಿಯನ್ ಐಎಸ್‌ಒ ಆದರೆ ಬರೆಯುವ ಮುನ್ನ ಐಎಸ್‌ಒ ಮೋಡೋ (ಫೈಲ್‌ಗಳನ್ನು ನಕಲಿಸುವುದು) ಡಿಡಿ ಮೋಡೋ (ಐಎಸ್‌ಒ ಅನ್ನು ಇದ್ದಂತೆಯೇ ಬೈಟ್ ಬೈಟ್ ಬರೆಯುವುದು) ಎಂದು ಕೇಳುತ್ತದೆ. ಮೊದಲನೆಯದು ಬೂಟ್ ಆಗದಿದ್ದರೆ ಡಿಡಿಯಲ್ಲಿ ಮತ್ತೆ ಬರೆಯುತ್ತೇನೆ.

ಇನ್ನು ಬಯೋಸ್. ಹಲವು ಹಳೇ ಬೋರ್ಡ್‌ಗಳು ಪೆನ್‌ಡ್ರೈವನ್ನು ಹಾರ್ಡ್ ಡಿಸ್ಕ್ ಎಂದೇ ಲೆಕ್ಕ ಹಾಕುತ್ತವೆ. ಬೂಟ್ ಆರ್ಡರ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ, ಹಾರ್ಡ್ ಡಿಸ್ಕ್‌ಗಳ ಒಳಪಟ್ಟಿಗೆ ಹೋಗಿ ಅಲ್ಲಿ ಅದನ್ನು ಮೇಲಕ್ಕೆ ತರಬೇಕು. ಪೆನ್‌ಡ್ರೈವನ್ನು ಹಿಂಬದಿಯ ಪೋರ್ಟ್‌ಗೇ ಚುಚ್ಚುತ್ತೇನೆ. ಮುಂದಿನ ಪೋರ್ಟ್‌ನ ವೈರ್ ಸಡಿಲವಾಗಿದ್ದರೆ ಓದುವಾಗ ನಡುವೆ ನಿಂತುಬಿಡುತ್ತದೆ.

ಹೀಗೆ ಪೆನ್‌ಡ್ರೈವ್ ಮೊದಲ ಡಿಸ್ಕ್ ಆದಾಗ ಇನ್ನೊಂದು ತೊಡಕಿದೆ, ನಾನು ಹೆಚ್ಚು ಕಂಡದ್ದೂ ಇದನ್ನೇ. ಇನ್‌ಸ್ಟಾಲರ್‌ಗೆ ಅದು ಎಸ್‌ಡಿಎ ಆಗಿ, ಒಳಗಿನ ಡಿಸ್ಕ್ ಎಸ್‌ಡಿಬಿ ಆಗಿ ಕಾಣಬಹುದು (ಇವು ಲಿನಕ್ಸ್ ಡಿಸ್ಕ್‌ಗಳಿಗೆ ಇಡುವ ಹೆಸರುಗಳು). ನೋಡದೆ ಎಸ್‌ಡಿಎ ಒತ್ತಿದರೆ ಲಿನಕ್ಸನ್ನು ಬೂಟ್ ಮಾಡಿಸುವ ಗ್ರಬ್ ಪೆನ್‌ಡ್ರೈವ್ ಮೇಲೆ ಕೂರುತ್ತದೆ. ಇನ್‌ಸ್ಟಾಲ್ ಚೆನ್ನಾಗಿ ಮುಗಿದಂತೆಯೇ ಕಾಣುತ್ತದೆ, ಪೆನ್‌ಡ್ರೈವ್ ಕಿತ್ತ ಕೂಡಲೇ ಕಂಪ್ಯೂಟರ್ ಬೂಟ್ ಆಗುವುದಿಲ್ಲ. ಹಾಗಾಗಿ ಹೆಸರಲ್ಲ, ಗಾತ್ರ ನೋಡಿ ಆರಿಸಿ: 8 ಜಿಬಿಯದ್ದು ಬೇಡ, 160 ಅಥವಾ 250 ಜಿಬಿಯದ್ದು ಬೇಕು.

ಪ್ರತಿ ಸಲ ಆನ್ ಮಾಡಿದಾಗ ತಾರೀಖು ಹಿಂದಕ್ಕೆ ಹೋಗುತ್ತಿದ್ದರೆ ಬೋರ್ಡ್ ಮೇಲಿನ ಸಿಆರ್2032 ಸೆಲ್ ಬದಲಿಸಿ. ಸೆಲ್ ಸತ್ತಿದ್ದರೆ ಬಯೋಸ್‌ನಲ್ಲಿ ಮಾಡಿಟ್ಟ ಬೂಟ್ ಕ್ರಮವೂ ಅಳಿಸಿಹೋಗುತ್ತದೆ.